ಬೌಲಿಂಗ್ ಗೆರೆ ದಾಟಬಾರದೇಕೆ?

ಪ್ರಶ್ನೆ: ಮಾಲ್‌ನಲ್ಲಿ ಬೌಲಿಂಗ್ ಆಡುವಾಗ ಚೆಂಡು ಅರ್ಧದಲ್ಲೇ ನಿಂತಿತು. ತರಲು ಹೊರಟ ಮಗನನ್ನು ಸಿಬ್ಬಂದಿ ಕೂಗಿ ತಡೆದರು. ನಾಲ್ಕು ಹೆಜ್ಜೆ ನಡೆದರೆ ಏನಾಗುತ್ತದೆ?

ಉತ್ತರ: ತಡೆದದ್ದು ಒಳ್ಳೆಯದೇ ಆಯಿತು. ಚೆಂಡು ಎಸೆಯುವವರು ದಾಟಬಾರದ ಫೌಲ್ ಗೆರೆಯಿಂದ ಮೊದಲ ಪಿನ್‌ವರೆಗೆ 60 ಅಡಿ. ಅದರಲ್ಲಿ ಸುಮಾರು 40 ಅಡಿಯವರೆಗೆ ಯಂತ್ರದಿಂದ ತೆಳ್ಳಗೆ ಎಣ್ಣೆ ಸವರಿರುತ್ತಾರೆ. ಹಲಗೆ ಸವೆಯದಿರಲಿ, ಚೆಂಡು ಮೊದಲು ಜಾರಿ ಆಮೇಲೆ ತಿರುಗಲಿ ಎಂದು. ಹೊಳೆಯುವ ನೆಲದ ಮೇಲೆ ಆ ಎಣ್ಣೆ ಕಣ್ಣಿಗೆ ಬೀಳುವುದೇ ಇಲ್ಲ. ಕಾಲಿಟ್ಟರೆ ಪಾದ ಮುಂದಕ್ಕೆ ಜಾರಿ ತಲೆ ಹಿಂದಕ್ಕೆ ಬಡಿಯುತ್ತದೆ. ಕೈ ಊರಿದರೆ ಮಣಿಕಟ್ಟು ಮುರಿಯಬಹುದು. ಕ್ಷೇಮವಾಗಿ ಹಿಂದಿರುಗಿದರೂ ಶೂಗಂಟಿದ ಎಣ್ಣೆ ಓಡಿ ಬರುವ ಜಾಗಕ್ಕೆ ಮೆತ್ತಿಕೊಂಡು, ಮುಂದೆ ಆಡುವವರು ಬೀಳುತ್ತಾರೆ.

ನೀರಿನದು ಇದಕ್ಕೆ ತದ್ವಿರುದ್ಧ. ಬೌಲಿಂಗ್ ಶೂಗಳ ತಳ ಜಾರಲೆಂದೇ ನುಣುಪಾಗಿರುತ್ತದೆ. ಚೆಲ್ಲಿದ ಪಾನೀಯ ತುಳಿದರೆ ಆ ತಳ ನೆಲಕ್ಕೆ ಕಚ್ಚಿಕೊಂಡು, ಓಡಿ ಬಂದ ಮೈ ಮುಗ್ಗರಿಸುತ್ತದೆ. ಲೋಟ ಕುರ್ಚಿಯ ಬಳಿಯೇ ಇರಲಿ.

ನನಗೆ ಹೆಚ್ಚು ಆತಂಕ ಮಕ್ಕಳ ಬೆರಳುಗಳದ್ದು. ಚೆಂಡು ಮರಳಿ ಬರುವ ಕಡೆ ಕೈಯಿಟ್ಟಿದ್ದಾಗ, 7 ಕಿಲೊಗೂ ಮೀರಿ ತೂಗಬಲ್ಲ ಇನ್ನೊಂದು ಚೆಂಡು ಉರುಳಿ ಬಂದು ಬೆರಳು ಜಜ್ಜುತ್ತದೆ. ಬೇರೆ ಚೆಂಡಿಗೆ ತಾಗದ ಬದಿಗಳಲ್ಲಿ ಎರಡೂ ಕೈಯಿಂದ ಹಿಡಿದೆತ್ತಲು ಮಗನಿಗೆ ಹೇಳಿಕೊಡಿ. ನಿಂತ ಚೆಂಡನ್ನು ಸಿಬ್ಬಂದಿಯೇ ತೆಗೆಯಲಿ.