ಕಾರ್ನಿಯಾಕ್ಕೆ ಬೂಸ್ಟು ತಗಲಿದಾಗ

ಕಣ್ಣಿನ ಕರಿಗುಡ್ಡೆಯನ್ನು ಮುಚ್ಚಿರುವ ಪಾರದರ್ಶಕ ಪದರವೇ ಕಾರ್ನಿಯಾ. ನಡುಭಾಗದಲ್ಲಿ ಅದರ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಅದರಲ್ಲಿ ರಕ್ತನಾಳಗಳಿಲ್ಲ. ಬೆಳಕು ತಡೆಯಿಲ್ಲದೆ ಒಳಹೋಗುವುದು ಇದರಿಂದಲೇ. ಸೋಂಕು ತಗಲಿದಾಗ ದೇಹದ ರಕ್ಷಣಾ ಕಣಗಳು ತಡವಾಗಿ ತಲುಪುವುದೂ ಇದರಿಂದಲೇ. ಹೊರಮೈ ಗೀರದೆ ಇರುವವರೆಗೆ ಶಿಲೀಂಧ್ರ ಸಾಮಾನ್ಯವಾಗಿ ಒಳಗಿಳಿಯದು.

ಕರಾವಳಿಯ ಕೋಟೇಶ್ವರದ ಆಸುಪಾಸಿನ ಗದ್ದೆ, ತೋಟಗಳಲ್ಲಿ ಗೀರು ಬೀಳಲು ಹೆಚ್ಚೇನೂ ಬೇಡ. ಮಳೆಗಾಲದ ಬೆಳೆ ಕೊಯ್ದು ಭತ್ತ ಬಡಿಯುವಾಗ, ತೂರುವಾಗ ಸಿಡಿಯುವ ಸುಂಕು ಸಾಕು, ತೆಂಗಿನ ಗರಿಯ ತುದಿ ತಾಗಿದರೂ ಸಾಕು. ಮಣ್ಣಿನಲ್ಲಿ, ಕೊಳೆತ ಎಲೆಗಳಲ್ಲಿ ಬದುಕುವ ಫ್ಯುಸೇರಿಯಮ್, ಆಸ್ಪರ್ಜಿಲಸ್ ಬೂಸ್ಟುಗಳ ಕಣಗಳು ಅದರ ಜೊತೆಗೇ ಕಣ್ಣಿಗೆ ಸೇರುತ್ತವೆ. ಕರಾವಳಿಯ ಸೆಕೆ, ತೇವ ಇವುಗಳಿಗೆ ಚೆನ್ನಾಗಿ ಒಗ್ಗುತ್ತದೆ. ಜರ್ಮನಿಯ ವೈದ್ಯ ಥಿಯೋಡರ್ ಲೀಬರ್ 1879ರಲ್ಲಿ ಈ ರೋಗವನ್ನು ಮೊದಲು ವರ್ಣಿಸಿದ್ದೂ ಧಾನ್ಯ ಬಡಿಯುವಾಗ ಓಟ್ಸ್ ಹೊಟ್ಟು ಸಿಡಿದು ಕಣ್ಣು ಕೆಡಿಸಿಕೊಂಡ ರೈತನೊಬ್ಬನಲ್ಲಿಯೇ.

ಬ್ಯಾಕ್ಟೀರಿಯಾದ ಹುಣ್ಣಿಗೆ ಹೋಲಿಸಿದರೆ ಇದು ಸಾಮಾನ್ಯವಾಗಿ ನಿಧಾನ. ಕಸ ಬಿದ್ದ ಕೆಲವು ದಿನಗಳ ಮೇಲೆ ಕಣ್ಣು ಕೆಂಪಾಗಿ, ನೀರು ಸುರಿದು, ಬೆಳಕು ನೋಡಲಾಗದೆ, ಬೂದುಬಿಳಿ ಮಚ್ಚೆ ಮೂಡುತ್ತದೆ. ಅದರ ಅಂಚು ಹಕ್ಕಿಯ ಗರಿಯಂತೆ ಎಳೆ ಎಳೆಯಾಗಿ ಹರಡಿರುತ್ತದೆ. ಪಕ್ಕದಲ್ಲಿ ಸಣ್ಣ ಮರಿಮಚ್ಚೆಗಳೂ ಇರಬಹುದು.

ಈ ಹಂತದಲ್ಲಿ ಆಗುವ ದೊಡ್ಡ ಅನಾಹುತವೆಂದರೆ ಔಷಧಿ ಅಂಗಡಿಯಿಂದ ಕೇಳಿ ತಂದ ಸ್ಟೀರಾಯ್ಡ್ ಹನಿ. ಕೆಂಪು ಇಳಿಯುತ್ತದೆ, ನೋವು ತಗ್ಗುತ್ತದೆ, ಒಳಗೆ ಶಿಲೀಂಧ್ರ ಅಡ್ಡಿಯಿಲ್ಲದೆ ಆಳಕ್ಕೆ ಬೇರು ಬಿಡುತ್ತದೆ. ಮೊಲೆಹಾಲು, ಸೊಪ್ಪಿನ ರಸ ಹಾಕುವುದೂ ಸೋಂಕಿಗೇ ದಾರಿ. ಸಕ್ಕರೆ ಕಾಯಿಲೆ, ಶುಚಿಯಾಗಿಡದ ಕಾಂಟ್ಯಾಕ್ಟ್ ಲೆನ್ಸ್, ಹಿಂದೆ ಆದ ಕಣ್ಣಿನ ಶಸ್ತ್ರಚಿಕಿತ್ಸೆ ಅಪಾಯವನ್ನು ಹೆಚ್ಚಿಸುತ್ತವೆ.

ಪರೀಕ್ಷೆ ಕಷ್ಟದ್ದಲ್ಲ. ಹುಣ್ಣಿನಿಂದ ಕೆರೆದು ತೆಗೆದ ಚೂರಿಗೆ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರದ ಎಳೆಗಳು ಸ್ವಲ್ಪ ಹೊತ್ತಿನಲ್ಲೇ ಕಾಣಸಿಗುತ್ತವೆ. ಮುಖ್ಯ ಔಷಧಿ ಶೇ. 5ರ ನಟಾಮೈಸಿನ್ ಹನಿ. ಬಾಟಲಿಯ ತಳದಲ್ಲಿ ಬಿಳಿ ಪುಡಿ ಕೂತಿರುತ್ತದೆ, ಪ್ರತಿ ಸಲವೂ ಚೆನ್ನಾಗಿ ಕುಲುಕಿ ಹಾಕಬೇಕು. ಮೊದಲ ದಿನಗಳಲ್ಲಿ ಗಂಟೆಗೊಮ್ಮೆ, ಆಮೇಲೆ ಕಡಿಮೆ ಮಾಡುತ್ತಾ ಹಲವು ವಾರ. ಫ್ಯುಸೇರಿಯಮ್ ಸೋಂಕಿನಲ್ಲಿ ವೊರಿಕೊನಜೋಲ್ ಹನಿಗಿಂತ ಇದೇ ಮೇಲೆಂದು ದಕ್ಷಿಣ ಭಾರತದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಆದರೆ ನಟಾಮೈಸಿನ್ ಕಾರ್ನಿಯಾದ ಆಳಕ್ಕೆ ಅಷ್ಟಾಗಿ ಇಳಿಯದು. ಹುಣ್ಣು ಮೇಲ್ಪದರದಲ್ಲಿರುವಾಗ ಶುರುಮಾಡಿದರೆ ಮಾತ್ರ ಪೂರ್ತಿ ಪ್ರಯೋಜನ. ಕಾರ್ನಿಯಾ ತೂತಾದರೆ ದಾನಿಯ ಕಾರ್ನಿಯಾ ಕಸಿಮಾಡಬೇಕಾಗುತ್ತದೆ. ಅಂಚಿನಲ್ಲಿ ಶಿಲೀಂಧ್ರ ಉಳಿದಿದ್ದರೆ ಹೊಸ ಕಾರ್ನಿಯಾಕ್ಕೂ ಅದು ಹಬ್ಬಬಲ್ಲದು.