ಹೆಸರು ಗೀರಿದ ಬೋಕಿಗಳು

ಪಿಸಿಸ್ಟ್ರಾಟಸ್ ಎಂಬ ನಾಯಕ ಒಂದು ದಿನ ಮೈಮೇಲೆ ಗಾಯ ಮಾಡಿಕೊಂಡು, ಬಂಡಿಯ ಹೇಸರಗತ್ತೆಗಳಿಗೂ ಗಾಯ ಮಾಡಿ, ಅಥೆನ್ಸಿನ ಪೇಟೆಗೆ ನುಗ್ಗಿದ. ವೈರಿಗಳು ಕೊಲ್ಲಲು ಬಂದಿದ್ದರೆಂದು ಗೋಳಾಡಿದ. ಜನ ನಂಬಿ, ಕಾವಲಿಗೆ ದೊಣ್ಣೆ ಹಿಡಿದ ಆಳುಗಳನ್ನು ಕೊಟ್ಟರು. ಅವರನ್ನೇ ಕಟ್ಟಿಕೊಂಡು ಅವನು ಅಕ್ರೊಪೊಲಿಸ್ ಗುಡ್ಡವನ್ನು ಹಿಡಿದ, ಊರಿಗೇ ಒಡೆಯನಾದ. ಕ್ರಿ.ಪೂ. 560ರ ಸುಮಾರಿನ ಈ ನಾಟಕವನ್ನು ಹೆರೊಡೊಟಸ್ ದಾಖಲಿಸಿದ್ದಾನೆ.

ಮುಂದೆ ಪಿಸಿಸ್ಟ್ರಾಟಸ್‌ನ ಮಗ, ಸರ್ವಾಧಿಕಾರಿ ಹಿಪ್ಪಿಯಸ್‌ನನ್ನು ಓಡಿಸಲು 510ರಲ್ಲಿ ಸ್ಪಾರ್ಟಾದ ಸೈನ್ಯವೇ ಬರಬೇಕಾಯಿತು. ಆ ಪೆಟ್ಟಿನಿಂದ ಅಥೆನ್ಸಿನವರು ಕಲಿತದ್ದಿಷ್ಟು: ಸರ್ವಾಧಿಕಾರಿ ಹೊರಗಿನಿಂದ ದಂಡೆತ್ತಿ ಬರುವುದಿಲ್ಲ, ಜನಪ್ರಿಯ ನಾಯಕನ ವೇಷದಲ್ಲಿ ಊರೊಳಗೇ ಬೆಳೆಯುತ್ತಾನೆ. 508ರ ಸುಮಾರಿಗೆ ಆಡಳಿತವನ್ನು ಹೊಸದಾಗಿ ಕಟ್ಟಿದ ಕ್ಲೈಸ್ತೆನಿಸ್, ಅಂಥವನನ್ನು ಮೊದಲೇ ಗಡೀಪಾರು ಮಾಡುವ ಕಾನೂನನ್ನೂ ತಂದನೆಂದು ಅರಿಸ್ಟಾಟಲ್ ಹೇಳುತ್ತಾನೆ. ಅದೇ ಆಸ್ಟ್ರಸಿಸಂ. ಆದರೆ ಅದು ಮೊದಲ ಬಾರಿಗೆ ಬಳಕೆಯಾದದ್ದು 487ರಲ್ಲಿ. ಅದಕ್ಕೆ ಮೂರು ವರ್ಷ ಹಿಂದೆ ಮ್ಯಾರಥಾನಿಗೆ ಬಂದಿಳಿದ ಪರ್ಷಿಯನ್ ಸೈನ್ಯದ ಜೊತೆ ಮುದುಕ ಹಿಪ್ಪಿಯಸ್‌ನೂ ಇದ್ದ. ಹಳೆಯ ಭಯಕ್ಕೆ ಮತ್ತೆ ಜೀವ ಬಂದಿತ್ತು.

ವರ್ಷಕ್ಕೊಮ್ಮೆ, ಚಳಿಗಾಲದಲ್ಲಿ, ಜನಸಭೆಯ ಮುಂದೆ ಒಂದು ಪ್ರಶ್ನೆ ಬರುತ್ತಿತ್ತು: ಈ ಸಲ ಯಾರನ್ನಾದರೂ ಹೊರಗೆ ಕಳಿಸಬೇಕೇ? ಯಾರ ಹೆಸರನ್ನೂ ಎತ್ತುವಂತಿಲ್ಲ. ಹೌದೆಂದು ತೀರ್ಮಾನವಾದರೆ ಕೆಲವು ವಾರಗಳ ಬಳಿಕ ಅಗೋರಾ ಎಂಬ ಪೇಟೆ ಬಯಲಿಗೆ ಬೇಲಿ ಕಟ್ಟಿ, ಹತ್ತು ಕುಲಗಳಿಗೆ ಹತ್ತು ಬಾಗಿಲು ಬಿಡುತ್ತಿದ್ದರು. ಪಪೈರಸ್ ಈಜಿಪ್ಟಿನಿಂದ ಬರಬೇಕಾದ ದುಬಾರಿ ಸರಕು, ಒಡೆದ ಮಡಕೆಗೆ ಬೆಲೆಯೇ ಇಲ್ಲ. ಹಾಗಾಗಿ ಹೆಸರನ್ನು ಬೋಕಿಯ ಮೇಲೆ ಗೀರಿ ಹಾಕುತ್ತಿದ್ದರು. ಒಟ್ಟು 6,000 ಬೋಕಿಗಳಾದರೂ ಬೀಳಬೇಕಿತ್ತು ಎನ್ನುತ್ತಾನೆ ಪ್ಲುಟಾರ್ಕ್. ಅತಿ ಹೆಚ್ಚು ಸಲ ಹೆಸರು ಬಂದವನು ಹತ್ತು ದಿನದೊಳಗೆ ಊರು ಬಿಡಬೇಕು, ಹತ್ತು ವರ್ಷ ಮರಳುವಂತಿಲ್ಲ. ಆರೋಪವಿಲ್ಲ, ವಿಚಾರಣೆಯಿಲ್ಲ, ವಾದಕ್ಕೆ ಅವಕಾಶವಿಲ್ಲ. ಆದರೆ ಹೊಲ ಮನೆ ಅವನದೇ, ಪೌರತ್ವಕ್ಕೂ ಚ್ಯುತಿಯಿಲ್ಲ. ಹೆಂಗಸರಿಗೆ, ಗುಲಾಮರಿಗೆ, ಪರವೂರಿನವರಿಗೆ ಮಾತ್ರ ಬೇಲಿಯೊಳಗೆ ಪ್ರವೇಶವಿರಲಿಲ್ಲ.

ಕಾನೂನು ತನ್ನ ದಾರಿ ಬಿಡಲು ಹೆಚ್ಚು ಕಾಲ ಬೇಕಾಗಲಿಲ್ಲ. ಲಾರಿಯಂ ಗಣಿಯಲ್ಲಿ ಬೆಳ್ಳಿಯ ಹೊಸ ಪದರ ಸಿಕ್ಕಾಗ, ಅದನ್ನು ಜನರಿಗೆ ಹಂಚದೆ ಯುದ್ಧನೌಕೆ ಕಟ್ಟಿಸೋಣವೆಂದು ನಾಯಕ ಥೆಮಿಸ್ಟೊಕ್ಲಿಸ್ ಒಪ್ಪಿಸಿದ. ಅವನ ಎದುರಾಳಿ ಅರಿಸ್ಟೈಡಿಸ್ 482ರಲ್ಲಿ ಗಡೀಪಾರಾದ. ನ್ಯಾಯವಂತನೆಂದೇ ಹೆಸರಾದ ಅವನಲ್ಲಿ ಸರ್ವಾಧಿಕಾರಿಯ ಲಕ್ಷಣ ಯಾರಿಗೆ ಕಂಡಿತೋ! ಪರ್ಷಿಯನ್ನರು ಮತ್ತೆ ಬಂದಾಗ ಅವನನ್ನು ಅವಧಿಗೆ ಮೊದಲೇ ಕರೆಸಿಕೊಂಡರು. 480ರಲ್ಲಿ ಸಲಾಮಿಸ್ ಕಡಲಲ್ಲಿ ಆ ನೌಕೆಗಳೇ ಊರನ್ನು ಉಳಿಸಿದವು. ಹತ್ತು ವರ್ಷ ಕಳೆಯುವಷ್ಟರಲ್ಲಿ ಥೆಮಿಸ್ಟೊಕ್ಲಿಸ್‌ನ ಸರದಿಯೂ ಬಂತು. ಅವನು ಕೊನೆಗೆ ಆಶ್ರಯ ಪಡೆದದ್ದು ತಾನೇ ಸೋಲಿಸಿದ್ದ ಪರ್ಷಿಯಾದಲ್ಲಿ.

ಗ್ರಂಥಗಳು ಹೇಳದ್ದನ್ನು ನೆಲ ಹೇಳಿತು. 1937ರಲ್ಲಿ ಪುರಾತತ್ವಜ್ಞ ಆಸ್ಕರ್ ಬ್ರೋನೀರ್ ಅಕ್ರೊಪೊಲಿಸ್‌ನ ಉತ್ತರ ಇಳಿಜಾರಿನ ಬಾವಿಯೊಂದನ್ನು ಅಗೆದಾಗ, ಥೆಮಿಸ್ಟೊಕ್ಲಿಸ್‌ನ ಹೆಸರಿದ್ದ ಸುಮಾರು 190 ಬೋಕಿಗಳು ಒಟ್ಟಿಗೆ ಸಿಕ್ಕವು. ಅಕ್ಷರ ಪರೀಕ್ಷಿಸಿದರೆ ಬರೆದ ಕೈಗಳು ಹದಿನಾಲ್ಕೇ! ಹಂಚಲೆಂದು ಮೊದಲೇ ಬರೆದಿಟ್ಟವಿರಬೇಕು. ಅಂದರೆ ಪ್ರಜಾಪ್ರಭುತ್ವ ಇನ್ನೂ ತೊಟ್ಟಿಲಲ್ಲಿರುವಾಗಲೇ ಚುನಾವಣಾ ತಂತ್ರಗಾರರು ಹುಟ್ಟಿಕೊಂಡಿದ್ದರು. ಅಥೆನ್ಸಿನದೇ ಕೆರಮೈಕೋಸ್‌ನಲ್ಲಿ 1960ರ ದಶಕದ ಉತ್ಖನನ ಸಾವಿರಾರು ಬೋಕಿಗಳ ರಾಶಿಯನ್ನೇ ಹೊರತೆಗೆಯಿತು. ಅವುಗಳಲ್ಲಿ ಹೆಸರಿನ ಜೊತೆ ಬೈಗುಳವೂ ಉಂಟು. ಒಬ್ಬನಂತೂ ಕಿಮೊನ್ ಎಂಬ ನಾಯಕನಿಗೆ, ಸೋದರಿ ಎಲ್ಪಿನಿಕೆಯನ್ನೂ ಕರೆದುಕೊಂಡು ತೊಲಗು ಎಂದು ಗೀರಿದ್ದಾನೆ.

ಈ ಪದ್ಧತಿಯ ಕೊನೆಯೂ ಒಂದು ತಂತ್ರದಿಂದಲೇ ಆಯಿತು. ಕ್ರಿ.ಪೂ. 416ರ ಆಸುಪಾಸಿನಲ್ಲಿ ಹೈಪರ್ಬೋಲಸ್ ಎಂಬ ಪುಢಾರಿ, ಆಲ್ಸಿಬಯಾಡಿಸ್, ನಿಸಿಯಸ್ ಎಂಬ ಇಬ್ಬರು ನಾಯಕರಲ್ಲೊಬ್ಬ ತೊಲಗಲೆಂದು ಮತಕ್ಕೆ ಒತ್ತಾಯಿಸಿದ. ಆ ಇಬ್ಬರು ವೈರಿಗಳು ಒಳಗೊಳಗೇ ಒಂದಾದರು. ಎಣಿಸಿದಾಗ ಬಂದ ಹೆಸರು ಹೈಪರ್ಬೋಲಸ್‌ನದೇ. ಜನ ಮೊದಲು ನಕ್ಕರು, ಆಮೇಲೆ ಹೇಸಿದರು. ಮತ್ತೆಂದೂ ಅಗೋರಾದಲ್ಲಿ ಆ ಬೇಲಿ ಏಳಲಿಲ್ಲ. ಕಾನೂನನ್ನು ಮಾತ್ರ ಯಾರೂ ರದ್ದು ಮಾಡಲಿಲ್ಲ. ಸುಮಾರು ಒಂದು ಶತಮಾನದ ನಂತರ, ಅರಿಸ್ಟಾಟಲ್‌ನ ಕಾಲದಲ್ಲೂ, ಈ ಸಲ ಬೇಕೇ ಎಂಬ ಪ್ರಶ್ನೆ ಪ್ರತಿವರ್ಷ ಸಭೆಯ ಕಾರ್ಯಸೂಚಿಯಲ್ಲಿತ್ತು.