ರಾಯಚೂರಿನ ಮಾತು, ಯಂತ್ರದ ಕಿವಿ

ಬಿಸಿಎ ಕೊನೆಯ ವರ್ಷದ ಪ್ರಾಜೆಕ್ಟ್ ಅಂದರೆ ಬಹಳ ಕಡೆ ಗ್ರಂಥಾಲಯ ನಿರ್ವಹಣೆಯ ತಂತ್ರಾಂಶ, ಇಲ್ಲವೇ ಹಾಜರಾತಿ ಆ್ಯಪ್. ದುಡ್ಡು ಕೊಟ್ಟರೆ ಬೈಂಡ್ ಮಾಡಿಸಿದ ವರದಿಯ ಸಮೇತ ಸಿಗುತ್ತದೆ. ಸಂಶೋಧನೆ ಏನಿದ್ದರೂ ಪಿಎಚ್‌.ಡಿ. ಮಾಡುವವರಿಗೆ ಎಂಬ ನಂಬಿಕೆ ಇದಕ್ಕೆ ಅರ್ಧ ಕಾರಣ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಯ ವಿದ್ಯಾರ್ಥಿಗಳ ಮಟ್ಟಿಗೆ ಈ ನಂಬಿಕೆ ಸುಳ್ಳು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆಗೂಡಿ ನಡೆಸುವ ‘ವಾಣಿ’ ಯೋಜನೆ ದೇಶದ ಜಿಲ್ಲೆ ಜಿಲ್ಲೆಯ ಆಡುಮಾತನ್ನು ದಾಖಲಿಸುತ್ತಿದೆ. ಚಿತ್ರ ತೋರಿಸಿ, ಕಂಡದ್ದನ್ನು ಹೇಳಿ ಅನ್ನುತ್ತಾರೆ. ಜನ ತಮ್ಮ ಮಾತಿನಲ್ಲೇ ಹೇಳುತ್ತಾರೆ. ಮೊದಲ ಹಂತದ 80 ಜಿಲ್ಲೆಗಳಲ್ಲಿ ರಾಯಚೂರೂ ಇದೆ. ಧ್ವನಿ ಎಲ್ಲರಿಗೂ ಮುಕ್ತ. ಬರಹಕ್ಕೆ ಇಳಿದಿರುವುದು ಮಾತ್ರ ಅದರಲ್ಲಿ ಸಣ್ಣ ಪಾಲು.

ಇಲ್ಲಿದೆ ಕೆಲಸ. ಮಾತನ್ನು ಬರಹ ಮಾಡುವ ಯಂತ್ರವನ್ನು ಪರೀಕ್ಷಿಸಲು ತಪ್ಪಾದ, ಬಿಟ್ಟುಹೋದ, ಹೆಚ್ಚಾಗಿ ಸೇರಿದ ಪದಗಳನ್ನು ಕೂಡಿಸಿ, ಆಡಿದ ಒಟ್ಟು ಪದಗಳಿಂದ ಭಾಗಿಸುತ್ತಾರೆ. ‘ಅವ್ರು ಹೊಲದಾಗ ಕೆಲ್ಸ ಮಾಡಾಕತ್ತಾರ’ ಎಂದು ಮಸ್ಕಿಯ ರೈತರೊಬ್ಬರು ಅಂದರು ಅನ್ನಿ. ಯಂತ್ರ ‘ಅವರು ಹೊಲದಲ್ಲಿ ಕೆಲಸ ಮಾಡುತ್ತಿದ್ದಾರೆ’ ಎಂದು ಬರೆಯಿತು. ಅರ್ಥ ಎಳ್ಳಷ್ಟೂ ಕೆಟ್ಟಿಲ್ಲ. ಲೆಕ್ಕದಲ್ಲಿ ಮಾತ್ರ ನಾಲ್ಕಕ್ಕೆ ನಾಲ್ಕೂ ತಪ್ಪು, ಶೇ 100! ಯಾವ ವ್ಯತ್ಯಾಸವನ್ನು ತಪ್ಪೆಂದು ಎಣಿಸಬೇಕು, ಯಾವುದನ್ನು ಬಿಡಬೇಕು ಎಂಬುದು ನಿಜವಾದ ಸಂಶೋಧನೆಯ ಪ್ರಶ್ನೆ. ಉತ್ತರಕ್ಕೆ ದುಬಾರಿ ಕಂಪ್ಯೂಟರ್ ಬೇಡ, ಈ ಸೀಮೆಯ ಕಿವಿ ಬೇಕು. ಅದು ದೂರದ ಪ್ರೊಫೆಸರರಿಗಿಂತ ಲಿಂಗಸುಗೂರಿನ ಬಿಸಿಎ ಹುಡುಗಿಗೆ ಚುರುಕಾಗಿರುತ್ತದೆ.

ಒಬ್ಬರಿಂದ ಆಗುವ ಕೆಲಸವಂತೂ ಅಲ್ಲ. ಒಂದೇ ತುಣುಕನ್ನು ಇಬ್ಬರು, ಒಬ್ಬರದನ್ನೊಬ್ಬರು ನೋಡದೆ, ಬರೆಯಬೇಕು. ತಾಳೆಯಾಗದ ಕಡೆ ಮೂರನೆಯವರು ಕೇಳಿ, ತೀರ್ಮಾನಿಸಿ, ಆ ನಿಯಮವನ್ನು ಬರೆದಿಡಬೇಕು. ಸಿಂಧನೂರಿನ ಕಾಲುವೆ ಸೀಮೆಯಲ್ಲಿ ತೆಲುಗು ಬೆರೆತ ಮಾತಿದೆ, ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿಯೂ ಇದೆ. ಮೂರೂ ಊರಿನವರು ತಂಡದಲ್ಲಿದ್ದರೆ ಮೇಲು. ‘ಇದು ತಪ್ಪು, ಇದಲ್ಲ’ ಎಂಬ ಇಬ್ಬರ ತೀರ್ಪು ಒಂದಾದದ್ದು ಆಕಸ್ಮಿಕಕ್ಕಿಂತ ಎಷ್ಟು ಹೆಚ್ಚು ಎಂದು ಅಳೆಯಲು ಜೇಕಬ್ ಕೊಹೆನ್ 1960ರಲ್ಲಿ ಕೊಟ್ಟ ‘ಕಪ್ಪಾ’ ಸೂತ್ರವಿದೆ. ಮೊಬೈಲಿನ ಕ್ಯಾಲ್ಕ್ಯುಲೇಟರ್ ಸಾಕು.

ಅಮೆರಿಕದ ಗಡಿಯೂರು ಎಲ್ ಪಾಸೊದಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನಿಗಳು 1990ರ ದಶಕದಲ್ಲೇ ಪದವಿ ವಿದ್ಯಾರ್ಥಿಗಳನ್ನು ಸೇರಿಸಿ, ಹೀಗೆ ಒಟ್ಟಾಗಿ ದುಡಿಯುವ ಸಂಶೋಧನಾ ತಂಡಗಳನ್ನು ಕಟ್ಟಿದರು. ರ‍್ಯಾಂಕಿನವರನ್ನಷ್ಟೇ ಹೆಕ್ಕಿಕೊಳ್ಳದೆ, ಓದುವುದು, ಬರೆಯುವುದು, ಜಗಳವಾಗದಂತೆ ವಾದಿಸುವುದು ಇವನ್ನೂ ಸಂಶೋಧನೆಯ ಜೊತೆಗೇ ಕಲಿಸಿದರು.

ನಮ್ಮಲ್ಲಿ ತೊಡಕು ಸಮಯದ್ದು. ಕರ್ನಾಟಕ 2024ರಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿಯನ್ನು ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ಆದ್ದರಿಂದ ಎರಡನೇ ವರ್ಷದಲ್ಲೇ ಶುರುಮಾಡಿ, ನಿಯಮಗಳ ಕಡತವನ್ನು ಮುಂದಿನ ತಂಡಕ್ಕೆ ದಾಟಿಸುತ್ತ ಹೋಗಬೇಕು. ಜೊತೆಗೂಡಲು 2019ರಲ್ಲಿ ಶುರುವಾದ ರಾಯಚೂರಿನ ಐಐಐಟಿ ಹತ್ತಿರದಲ್ಲೇ ಇದೆ. ಕೈಜೋಡಿಸುವ ಮೊದಲು ಒಂದು ಮಾತು ಕಾಗದದ ಮೇಲೆ ಬರಲಿ: ಪ್ರಬಂಧದಲ್ಲಿ ಯಾರ್‍ಯಾರ ಹೆಸರು ಇರುತ್ತದೆ ಎಂಬುದು. ಕೂತು ಕೇಳಿ ಬರೆದವರನ್ನು ಕೃತಜ್ಞತೆಯ ಸಾಲಿಗೆ ತಳ್ಳುವ ಚಾಳಿ ದೊಡ್ಡ ಪ್ರಯೋಗಾಲಯಗಳಲ್ಲೂ ಉಂಟು.